ಒಂದನೇ ತರಗತಿಯ ದಾಖಲಾತಿಯಲ್ಲಿ ಲಸಿಕೆಯ ವಿವರ ಕೇಳುವ ಬಗೆ

ಲಸಿಕೆ ಹಾಕಿಸದ ಮಗುವನ್ನು ಶಾಲೆಗೆ ಸೇರಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎದ್ದಾಗ ಮುಖ್ಯಶಿಕ್ಷಕರು ಹಿಡಿಯಬೇಕಾದ ದಾರಿ, ನನ್ನ ಪ್ರಕಾರ, ಇಷ್ಟು: ಲಸಿಕೆಯ ವಿವರವಿರುವ ತಾಯಿ ಕಾರ್ಡನ್ನು ತಪ್ಪದೆ ಕೇಳಬೇಕು, ಕಾರ್ಡ್ ಇಲ್ಲವೆಂದು ಮಗುವನ್ನು ವಾಪಸ್ ಕಳಿಸಬಾರದು. 6ರಿಂದ 14 ವರ್ಷದವರಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಆಸರೆ ಇದೆ. ಮೇಲಾಗಿ, ಲಸಿಕೆ ತಪ್ಪಿದ ಮಗು ಆರೋಗ್ಯ ಸಿಬ್ಬಂದಿಯ ಕಣ್ಣಿಗೆ ಬೀಳುವುದೇ ಹೆಚ್ಚಾಗಿ ಶಾಲೆಯಲ್ಲಿ.

ಅರ್ಜಿಯ ಜೊತೆಗೇ ತಾಯಿ ಕಾರ್ಡಿನ ಜೆರಾಕ್ಸ್ ತರಲು ತಿಳಿಸಿ. ಅದರಲ್ಲಿ ಮುಖ್ಯವಾಗಿ ಎರಡು ಕಡೆ ಕಣ್ಣಾಡಿಸಿದರೆ ಸಾಕು. ಮೊದಲನೆಯದು ದಡಾರ-ರುಬೆಲ್ಲಾ: 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಡೋಸ್ ಆಗಿರಬೇಕು. ದಡಾರ ಬಂದ ಒಂದು ಮಗುವಿನಿಂದ, ರಕ್ಷಣೆಯಿಲ್ಲದವರ ನಡುವೆ, 12ರಿಂದ 18 ಮಂದಿಗೆ ಸೋಂಕು ತಗಲಬಹುದಾದ್ದರಿಂದ ಶೇ. 95ರಷ್ಟು ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕೆನ್ನುತ್ತಾರೆ. ಅಂದರೆ 40 ಮಕ್ಕಳ ತರಗತಿಯಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಬಾಕಿ ಉಳಿಯುವಂತಿಲ್ಲ. ಎರಡನೆಯದು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಡಿಪಿಟಿ ಎರಡನೇ ಬೂಸ್ಟರ್. ಇದು 5ರಿಂದ 6 ವರ್ಷಕ್ಕೆ, ಸರಿಯಾಗಿ ಶಾಲೆ ಸೇರುವ ಹೊತ್ತಿಗೆ ಬರುತ್ತದೆ. ಅಷ್ಟರಲ್ಲಿ ಕಾರ್ಡ್ ಟ್ರಂಕಿನ ತಳ ಸೇರಿರುತ್ತದೆ.

ಕಾರ್ಡ್ ಕಳೆದುಹೋಗಿದ್ದರೆ ತಾಯಂದಿರು ಮಗುವಿನ ಅಂಗಿಯ ತೋಳು ಮೇಲೆತ್ತಿ, ‘ಹಾಕಿಸಿದ್ದೀವಿ ನೋಡಿ ಸಾರ್’ ಎಂದು ಎಡತೋಳಿನ ಕಲೆ ತೋರಿಸುವುದುಂಟು. ಆ ಕಲೆ ಕ್ಷಯರೋಗದ ವಿರುದ್ಧ ಹಾಕುವ ಬಿಸಿಜಿ ಲಸಿಕೆಯದು. ಉಳಿದ ಲಸಿಕೆಗಳ ಬಗ್ಗೆ ಅದು ಏನನ್ನೂ ಹೇಳದು. ಹುಟ್ಟಿದ ಊರಿನ ಆಶಾ ಕಾರ್ಯಕರ್ತೆಯನ್ನೋ ಉಪಕೇಂದ್ರವನ್ನೋ ವಿಚಾರಿಸಲು ಹೇಳಿ. ಅಲ್ಲಿಯೂ ದಾಖಲೆ ಸಿಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತೀರ್ಮಾನಿಸಲಿ. ದಡಾರ-ರುಬೆಲ್ಲಾ ಒಂದು ಡೋಸ್ ಹೆಚ್ಚಾದರೆ ತೊಂದರೆಯಿಲ್ಲ ಎಂಬುದನ್ನು ಪೋಷಕರಿಗೆ ಮೊದಲೇ ತಿಳಿಸಿಬಿಡಿ.

ಒಪ್ಪದವರೂ ಇರುತ್ತಾರೆ. 2017ರ ಫೆಬ್ರವರಿಯಲ್ಲಿ ರಾಜ್ಯದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸ್ಆ್ಯಪ್ ವದಂತಿಗೆ ಹೆದರಿದ ಪೋಷಕರನ್ನು ನೆನೆಯಿರಿ. ಇಂಥವರ ಜೊತೆ ಸಭೆಯಲ್ಲಿ ವಾದಿಸಬೇಡಿ. ಆಶಾ ಕಾರ್ಯಕರ್ತೆಯನ್ನು ಕರೆಸಿಕೊಂಡು ಪ್ರತ್ಯೇಕವಾಗಿ ಮಾತನಾಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೆ ಸಾಮಾನ್ಯವಾಗಿ ದಡಾರ ಲಸಿಕೆ ಕೊಡುವುದಿಲ್ಲವಾದ್ದರಿಂದ, ಅಂಥ ಮಗುವಿನ ವಿಷಯದಲ್ಲಿ ವೈದ್ಯರ ಚೀಟಿಯನ್ನೇ ಕಡತಕ್ಕೆ ಸೇರಿಸಿ.

ಬಾಕಿ ಇರುವ ಮಕ್ಕಳ ಪಟ್ಟಿಯನ್ನು ಜೂನ್ ಮುಗಿಯುವುದರೊಳಗೆ ಆರೋಗ್ಯ ಕೇಂದ್ರಕ್ಕೆ ತಲುಪಿಸಿ. 10 ಮತ್ತು 16ನೇ ವರ್ಷದ ಟಿಡಿ (ಧನುರ್ವಾಯು, ಗಂಟಲುಮಾರಿ) ಲಸಿಕೆಗಾಗಿ ದೊಡ್ಡ ತರಗತಿಗಳಿಗೂ ಇಂಥದೇ ಪಟ್ಟಿ ಮಾಡಿಡಿ.