ಎಷ್ಟು ಗಂಟೆಗೆ ಬಿದ್ದದ್ದು?

ನಮ್ಮ ಕಡೆ ಎಮರ್ಜೆನ್ಸಿಗೂ ಒಂದು ಪಂಚಾಂಗ ಉಂಟು. ಮೇ ಕೊನೆಗೆ ಅಡಿಕೆಗೆ ಮದ್ದು ಬಿಡಲು, ಅಂದರೆ ಸಿಂಪಡಿಸಲು, ಶುರುವಾದರೆ ಮರದಿಂದ ಬೀಳುವವರು ಬರುತ್ತಾರೆ. ಮಳೆ ಹಿಡಿದ ಮೇಲೆ ಹಾವು ಕಚ್ಚಿದವರು, ಅದರ ಬೆನ್ನಿಗೆ ಇಲಿಜ್ವರದವರು. ದೀಪಾವಳಿ ಕಳೆದು ಕೊಯ್ಲು ಆರಂಭವಾದರೆ ಮತ್ತೆ ಬೀಳುವವರು. ಎದೆನೋವಿಗೆ ಮಾತ್ರ ಹೊತ್ತುಗೊತ್ತಿಲ್ಲ.

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಹನ್ನೆರಡು ಹಾಸಿಗೆಯ ಆಸ್ಪತ್ರೆಯಲ್ಲಿ ಕೂತವ ನಾನು. ಬರೀ ಎಂಬಿಬಿಎಸ್. ನಾನು ಓದುವಾಗ ಕ್ಯಾಜುವಾಲ್ಟಿ ಎಂದು ಒಂದು ಕೋಣೆ ಇತ್ತು, ಅಷ್ಟೆ. ಎಮರ್ಜೆನ್ಸಿ ಮೆಡಿಸಿನ್‌ಗೆ ನಮ್ಮ ದೇಶದಲ್ಲಿ ಪ್ರತ್ಯೇಕ ವಿಭಾಗದ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಗಂಭೀರವಾದವರನ್ನು ಮಂಗಳೂರಿಗೆ ಕಳಿಸುತ್ತೇವೆ. ರಸ್ತೆ, ಮಳೆ, ಲಾರಿ ಎಲ್ಲ ಒಪ್ಪಿದರೆ ಒಂದೂವರೆ ಗಂಟೆ.

ಹಾಗೆ ಒಮ್ಮೆ, ಮದ್ದು ಬಿಡುವಾಗ ಬಿದ್ದ ಒಬ್ಬ ಹುಡುಗನನ್ನು ಕಳಿಸಿದೆ. ಹೊಟ್ಟೆ ಗಟ್ಟಿಯಾಗಿತ್ತು, ಕೈ ತಣ್ಣಗಿತ್ತು. ಎರಡು ಬಾಟಲಿ ಸಲೈನ್ ಏರಿಸಿ ಚೀಟಿ ಬರೆದುಕೊಟ್ಟೆ. ರಾತ್ರಿ ಅಲ್ಲಿನ ಸರ್ಜನ್ ಫೋನ್ ಮಾಡಿದರು. ಗುಲ್ಮ (ಸ್ಪ್ಲೀನ್) ಹರಿದಿತ್ತಂತೆ, ತೆಗೆದಾಯಿತಂತೆ. ಆಮೇಲೆ ಕೇಳಿದರು: "ಟ್ರಾನೆಕ್ಸಮಿಕ್ ಕೊಟ್ಟಿದ್ದೀರಾ ಡಾಕ್ಟ್ರೇ? ಇವ ಎಷ್ಟು ಗಂಟೆಗೆ ಬಿದ್ದದ್ದು?" ಎರಡಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಚೀಟಿಯಲ್ಲಿ ಬಿಪಿ ಇತ್ತು, ಪಲ್ಸ್ ಇತ್ತು, ನನ್ನ ಸಹಿಯೂ ಇತ್ತು. ಬಿದ್ದ ಗಂಟೆ ಇರಲಿಲ್ಲ. ರಕ್ತಸ್ರಾವ ತಡೆಯುವ ಆ ಟ್ರಾನೆಕ್ಸಮಿಕ್ ಆಮ್ಲದ ಇಂಜೆಕ್ಷನ್ ನಮ್ಮ ಕಪಾಟಿನಲ್ಲೇ ಇತ್ತು. ನನ್ನ ತಲೆಯಲ್ಲಿ ಅದು ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುವವರ ಮದ್ದು. ಹುಡುಗ ಬದುಕಿದ, ಈಗಲೂ ಮರ ಹತ್ತುತ್ತಾನೆ.

ಮಾರನೇ ದಿನ ಹುಡುಕಿ ಓದಿದ್ದು ಕ್ರ್ಯಾಶ್-2 ಎಂಬ ಅಧ್ಯಯನ. 2010ರದ್ದು, 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳ ಮೇಲೆ ಇದೇ ಮದ್ದಿನ ಪರೀಕ್ಷೆ. ನನಗೆ ತಲುಪುವಾಗ ಅದಕ್ಕೆ ವಯಸ್ಸಾಗಿತ್ತು. ಮೊಬೈಲಿನಲ್ಲಿ ಓದಿ ಕಣ್ಣು ಸೋತು, ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಅಂಗಡಿಯವ "ಎಂತ ಡಾಕ್ಟ್ರೇ, ಪುನಃ ಪರೀಕ್ಷೆಗೆ ಕೂರ್ತೀರಾ?" ಎಂದ.

ಒಬ್ಬನೇ ಓದಿದರೆ ನನಗೆ ಬೇಕಾದದ್ದೇ ಕಾಣುತ್ತದೆ. ಹಾಗಾಗಿ ಬದಿಯಡ್ಕದ ಒಬ್ಬ ಮೇಡಂ, ಮುಳ್ಳೇರಿಯ ಕಡೆಯ ಒಬ್ಬ ಎಳೆಯ ಡಾಕ್ಟ್ರು, ನಾನು, ನಮ್ಮ ಹಿರಿಯ ಸಿಸ್ಟರ್ – ನಾಲ್ಕೇ ಜನ – ತಿಂಗಳ ಎರಡನೇ ಆದಿತ್ಯವಾರ ಮಧ್ಯಾಹ್ನ ಕೂರಲು ಶುರುಮಾಡಿದೆವು. ಒಂದು ಸಲಕ್ಕೆ ಒಂದೇ ಪೇಪರು. ಓದುವುದು ಇಂಗ್ಲಿಷಿನಲ್ಲಿ, ಹೇಳುವುದು ಕನ್ನಡದಲ್ಲಿ. ಕೋಟ್ಟಯಂ ಕಡೆಯ ಸಿಸ್ಟರಿಗಾಗಿ ನಡುನಡುವೆ ಮಲಯಾಳ, ಚರ್ಚೆ ಬಿಸಿಯಾದರೆ ತುಳು. ಇದು ಅಭಿಮಾನಕ್ಕೆ ಮಾಡಿದ ನಿಯಮ ಅಲ್ಲ. ಇಂಗ್ಲಿಷಿನಲ್ಲೇ ಹೇಳಿಬಿಟ್ಟರೆ ಅರ್ಥವಾಗದ್ದೂ ಅರ್ಥವಾದ ಹಾಗೆ ದಾಟಿಹೋಗುತ್ತದೆ.

ಮೊದಲ ಬೈಠಕಿನಲ್ಲೇ ಅದು ಗೊತ್ತಾಯಿತು. ಮದ್ದು ಸಿಕ್ಕವರಲ್ಲಿ ಸತ್ತವರು ಶೇಕಡಾ 14.5, ಸಿಗದವರಲ್ಲಿ 16 ಎಂದು ನಾನು ಗಂಭೀರವಾಗಿ ಹೇಳಿದೆ. ಸಿಸ್ಟರ್ ಕೇಳಿದರು: "ಸಾರ್, ಹಾಗೆ ಬೇಡ. ಎಷ್ಟು ಮಂದಿಗೆ ಕೊಟ್ಟರೆ ಎಷ್ಟು ಮಂದಿ?" ಇನ್ನೂರು ಜನಕ್ಕೆ ಕೊಟ್ಟರೆ ಮೂವರು. ನಮ್ಮಲ್ಲಿಗೆ ಇಂಥವರು ವರ್ಷಕ್ಕೆ ಹತ್ತು ಹನ್ನೊಂದು ಮಂದಿ ಬರಬಹುದು. ಎಳೆಯ ಡಾಕ್ಟ್ರು ಲೆಕ್ಕ ಹಾಕಿ "ಆರು ವರ್ಷಕ್ಕೆ ಒಂದು ಜೀವ" ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಒಬ್ಬ ಯಾರೆಂದು ನಮಗೆ ಯಾವತ್ತೂ ಗೊತ್ತಾಗುವುದಿಲ್ಲ; ಅವನಿಗೂ ಗೊತ್ತಾಗುವುದಿಲ್ಲ.

ಅದೇ ಅಧ್ಯಯನವನ್ನು ಗಂಟೆಯ ಲೆಕ್ಕದಲ್ಲಿ ಬಿಡಿಸಿ ನೋಡಿದ್ದು 2011ರಲ್ಲಿ ಬಂತು. ನಮಗೆ ನಿಜವಾಗಿ ಬೇಕಾಗಿದ್ದದ್ದು ಇದು. ಗಾಯವಾಗಿ ಒಂದು ಗಂಟೆಯೊಳಗೆ ಮದ್ದು ಹೋದರೆ ರಕ್ತಸ್ರಾವದಿಂದ ಸಾಯುವವರು ಶೇಕಡಾ 7.7ರಿಂದ 5.3ಕ್ಕೆ ಇಳಿಯುತ್ತಾರೆ. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಉಲ್ಟಾ, 3.1ರಿಂದ 4.4ಕ್ಕೆ ಏರುತ್ತಾರೆ. ಅಂದರೆ ಈ ಮದ್ದು ಮಂಗಳೂರಿನದ್ದಲ್ಲ, ನಮ್ಮದು. ಗುಡ್ಡದ ತೋಟದಿಂದ ಹೊತ್ತುಕೊಂಡು ಬಂದು, ಜೀಪು ಸಿಕ್ಕಿ, ನಮ್ಮ ಬಾಗಿಲು ತಲುಪುವಾಗಲೇ ಗಂಟೆ ಕಳೆದಿರುತ್ತದೆ. ಅಲ್ಲಿಂದ ಮತ್ತೆ ಒಂದೂವರೆ ಗಂಟೆ, ಅಲ್ಲಿನ ಸ್ಕ್ಯಾನು. ಅಷ್ಟರಲ್ಲಿ ಆ ಮೂರು ಗಂಟೆಯ ಬಾಗಿಲು ಮುಚ್ಚಿರುತ್ತದೆ. ಈಗ ಒಂದು ಗ್ರಾಂ ಹತ್ತು ನಿಮಿಷದಲ್ಲಿ ನಮ್ಮಲ್ಲೇ ಹೋಗುತ್ತದೆ. ಮುಂದಿನ ಎಂಟು ಗಂಟೆಯ ಒಂದು ಗ್ರಾಂ ಮಂಗಳೂರಿನವರ ಪಾಲು. ಚೀಟಿಯ ಮೊದಲ ಸಾಲಿನಲ್ಲೇ ಬಿದ್ದ ಗಂಟೆ, ಮದ್ದು ಕೊಟ್ಟ ಗಂಟೆ.

ಹುಮ್ಮಸ್ಸಿನಲ್ಲಿ ತಪ್ಪೂ ಮಾಡಿದೆವು. ರಕ್ತ ನಿಲ್ಲಿಸುವ ಮದ್ದಲ್ಲವೇ ಎಂದು ರಕ್ತವಾಂತಿಯವರಿಗೂ ಕೊಡಲು ತೊಡಗಿದೆವು. ನಮ್ಮಲ್ಲಿ ರಕ್ತ ಕಾರುವವರು ಹೆಚ್ಚಾಗಿ ಕುಡಿದು ಲಿವರ್ ಹಾಳಾದವರು. 2020ರಲ್ಲಿ ಹಾಲ್ಟ್-ಇಟ್ ಬಂತು. ಜಠರ, ಕರುಳಿನ ರಕ್ತಸ್ರಾವದ 12,009 ಜನರಲ್ಲಿ ಸಾವು ಕಡಿಮೆಯಾಗಲಿಲ್ಲ, ರಕ್ತನಾಳದಲ್ಲಿ ಹೆಪ್ಪುಗಟ್ಟುವುದೂ ಅಪಸ್ಮಾರವೂ ಹೆಚ್ಚಾದವು. ಬದಿಯಡ್ಕದ ಮೇಡಂ ಮೊದಲೇ ಬೇಡ ಎಂದಿದ್ದರು. ಆ ದಿನದ ಗೋಳಿಬಜೆಯ ಖರ್ಚು ನನ್ನದಾಯಿತು.

ಅಲ್ಲಿಂದ ಮುಂದೆ ಯಾವ ಪೇಪರು ಬಂದರೂ ತೀರ್ಮಾನದ ಸಾಲನ್ನು ಕೊನೆಗೆ ಇಟ್ಟುಕೊಂಡೆವು. ಇದರಲ್ಲಿರುವ ರೋಗಿ ನಮ್ಮ ಬಾಗಿಲಿಗೆ ಬರುವವನಾ, ಬಂದರೆ ಎಷ್ಟು ಗಂಟೆಗೆ ಬರುತ್ತಾನೆ? ಮೊದಲು ಇದಕ್ಕೆ ಉತ್ತರ ಹುಡುಕುತ್ತೇವೆ.

ಹಾವಿನ ವಿಷಯದಲ್ಲಿ ಈ ಪ್ರಶ್ನೆ ಚೆನ್ನಾಗಿ ಫಲ ಕೊಟ್ಟಿತು. ಪ್ರತಿವಿಷ ಏರಿಸುವ ಮುಂಚೆ, ಅದರಿಂದ ರಿಯಾಕ್ಷನ್ ಆಗದಿರಲೆಂದು, ಹೈಡ್ರೋಕಾರ್ಟಿಸೋನ್, ಅಲರ್ಜಿಯ ಇಂಜೆಕ್ಷನ್ ಚುಚ್ಚಿ ನಿಶ್ಚಿಂತೆಯಿಂದ ಕೂರುವುದು ನಮ್ಮ ಪದ್ಧತಿ. ಗುರುಗಳು ಹಾಗೆ ಮಾಡುತ್ತಿದ್ದರು, ನಾವೂ ಮಾಡಿದೆವು. ಶ್ರೀಲಂಕಾದಲ್ಲಿ 1,007 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಪರೀಕ್ಷೆಗೆ ಹಚ್ಚಿತ್ತು. ಪ್ರತಿವಿಷಕ್ಕೆ ಮೊದಲು 0.25 ಮಿಲಿಗ್ರಾಂ ಅಡ್ರಿನಾಲಿನ್ ಚರ್ಮದಡಿಗೆ ಕೊಟ್ಟಾಗ ಮೊದಲ ಗಂಟೆಯಲ್ಲಿ ತೀವ್ರ ರಿಯಾಕ್ಷನ್ ಶೇಕಡಾ 43ರಷ್ಟು ತಗ್ಗಿತು. ನಾವು ನಂಬಿಕೊಂಡಿದ್ದ ಎರಡು ಇಂಜೆಕ್ಷನ್‌ಗಳಿಂದ ಹೇಳಿಕೊಳ್ಳುವ ಪ್ರಯೋಜನ ಕಾಣಲಿಲ್ಲ. "ಶ್ರೀಲಂಕಾದ್ದು ನಮಗೆ ಆಗುತ್ತದಾ?" ಎಂದರು ಎಳೆಯ ಡಾಕ್ಟ್ರು. ಆಗುತ್ತದೆ. ಅಲ್ಲಿ ಬಳಸುವುದೂ ಭಾರತದಲ್ಲೇ ತಯಾರಾದ ಪ್ರತಿವಿಷ. ತೋಟ, ಗದ್ದೆ, ಕನ್ನಡಿ ಹಾವು, ಬರಿಗಾಲು ಎಲ್ಲ ನಮ್ಮ ಹಾಗೆಯೇ. ಈಗ ಪ್ರತಿವಿಷದ ಟ್ರೇಯಲ್ಲಿ ಅಡ್ರಿನಾಲಿನ್ ತುಂಬಿದ ಸಿರಿಂಜು ಮೊದಲು ಬರುತ್ತದೆ. ಹೃದಯದ ಕಾಯಿಲೆ ಇರುವ ವಯಸ್ಸಾದವರಲ್ಲಿ ಮಾತ್ರ ನಾನು ಇವತ್ತಿಗೂ ಕೈ ತಡೆದು ಎರಡು ಸಲ ಯೋಚಿಸುತ್ತೇನೆ.

ಹಾವಿನದ್ದೇ ಇನ್ನೊಂದು ನಾಚಿಕೆಯ ಕತೆ. ವಿಷ ಏರಿದೆಯೇ ಎಂದು ತಿಳಿಯಲು ಮಾಡುವ ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬೇಕಾದದ್ದು ಒಂದು ಗಾಜಿನ ನಳಿಕೆ ಮತ್ತು ತಾಳ್ಮೆ. ಒಮ್ಮೆ ಸಾಲಾಗಿ ಮೂವರ ರಕ್ತ ಹೆಪ್ಪುಗಟ್ಟಲಿಲ್ಲ. ಒಬ್ಬರಿಗಂತೂ ಕಚ್ಚಿದ ಗುರುತೇ ಸರಿಯಾಗಿ ಇರಲಿಲ್ಲ. ವಿಚಾರಿಸಿದರೆ, ಹೊಸದಾಗಿ ಸೇರಿದ ಹುಡುಗಿ ನಳಿಕೆಗಳನ್ನು ಸೋಪಿನಲ್ಲಿ ಚೆಂದ ತೊಳೆದು ಇಟ್ಟಿದ್ದಳು. ಸೋಪಿನ ಅಂಶ ಉಳಿದರೆ ಆರೋಗ್ಯವಂತನ ರಕ್ತವೂ ನೀರಾಗಿಯೇ ಇರುತ್ತದೆ. ಬೈಯುವುದಾದರೆ ನನ್ನನ್ನೇ ಬೈಯಬೇಕಿತ್ತು, ಅವಳಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಈಗ ಹೊಸ ನಳಿಕೆ ಮಾತ್ರ, ಜೊತೆಗೆ ನಮ್ಮಲ್ಲೇ ಒಬ್ಬರ ರಕ್ತ ಪಕ್ಕದ ನಳಿಕೆಯಲ್ಲಿ.

ಎದೆನೋವಿಗೆ ಬರುತ್ತೇನೆ. ನಮ್ಮ ಹವ್ಯಕ ಅಜ್ಜಂದಿರು ಬೆವರು ಸುರಿಸುತ್ತಾ ಬಂದು "ಎಂತ ಇಲ್ಲೆ ಡಾಕ್ಟ್ರೇ, ರಜ್ಜ ಗ್ಯಾಸು" ಅನ್ನುತ್ತಾರೆ. ಅದಕ್ಕೆ ಮೊದಲು ಜೀರಿಗೆ ಕಷಾಯ, ಸೋಡಾ ಎಲ್ಲ ಆಗಿರುತ್ತದೆ. ಇಸಿಜಿ ಓದಿಸಿಕೊಳ್ಳುವುದು ಈಗ ಕಷ್ಟವಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪಿನಲ್ಲಿ ನೋಡಿ ಹೇಳುವ ಕೆಲಸ ಶುರುಮಾಡಿದ ಮೇಲೆ ಹಾಗೆ ಕೇಳುವುದಕ್ಕೆ ನಮ್ಮ ಕಡೆಯವರಿಗೂ ಸಂಕೋಚ ಹೋಯಿತು. ಪ್ರಶ್ನೆ ಅದರ ನಂತರದ್ದು: ಹೆಪ್ಪು ಕರಗಿಸುವ ಇಂಜೆಕ್ಷನ್ ನಾವು ಕೊಡಬೇಕಾ, ಕಳಿಸಬೇಕಾ?

ವರ್ಷಗಟ್ಟಲೆ ಕಳಿಸಿದೆವು. 2020ರ ಮಾರ್ಚಿನಲ್ಲಿ ಕೇರಳ, ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ಒಂದೂವರೆ ಗಂಟೆಯ ಲೆಕ್ಕವೇ ಬಿದ್ದುಹೋಯಿತು. ಆಗ ತೆಗೆದದ್ದು 2013ರ ಸ್ಟ್ರೀಮ್ ಅಧ್ಯಯನ. ನೋವು ಶುರುವಾಗಿ ಮೂರು ಗಂಟೆಯೊಳಗೆ ಬಂದ, ಆದರೆ ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗಲಾರದ 1,892 ಜನ. ನಮ್ಮ ಅಜ್ಜಂದಿರದ್ದೇ ಜಾತಕ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಟ್ಟು ಕಳಿಸಿದವರಲ್ಲಿ ಒಂದು ತಿಂಗಳೊಳಗೆ ಸಾವು, ಶಾಕ್ (ರಕ್ತದ ಓಟ ಕುಸಿಯುವುದು), ಹೃದಯ ವೈಫಲ್ಯ, ಮತ್ತೆ ಹೃದಯಾಘಾತ ಎಲ್ಲ ಸೇರಿ ಶೇಕಡಾ 12.4, ನೇರ ಆಂಜಿಯೋಪ್ಲಾಸ್ಟಿಗೆ ಹೋದವರಲ್ಲಿ 14.3. ಹೆಚ್ಚುಕಡಿಮೆ ಸಮ. ಮಿದುಳಿನ ರಕ್ತಸ್ರಾವ ಮಾತ್ರ ಇಂಜೆಕ್ಷನ್‌ನವರಲ್ಲಿ ಹೆಚ್ಚು: ಶೇಕಡಾ 1.0, ನೇರ ಹೋದವರಲ್ಲಿ 0.2. ಅದನ್ನು ಕಂಡು ನಡುವಿನಲ್ಲೇ 75 ದಾಟಿದವರಿಗೆ ಡೋಸ್ ಅರ್ಧ ಮಾಡಿದ್ದರು. ನಾನು ಪೆನ್ನಿನಲ್ಲಿ ಗೆರೆ ಎಳೆದದ್ದು ಬೇರೊಂದು ಸಂಖ್ಯೆಗೆ: ಇಂಜೆಕ್ಷನ್ ಸಿಕ್ಕವರಲ್ಲಿ 36.3 ಶೇಕಡಾ ಜನಕ್ಕೆ ಆಮೇಲೂ ತುರ್ತಾಗಿ ಆಂಜಿಯೋ ಬೇಕಾಯಿತು. ಹಾಗಾಗಿ ಇಂಜೆಕ್ಷನ್ ಕೊಟ್ಟು "ಇವತ್ತು ಇಲ್ಲೇ ಮಲಗಿ, ನಾಳೆ ನೋಡುವ" ಎನ್ನುವಂತಿಲ್ಲ. ನಮ್ಮಲ್ಲಿ ಸಿರಿಂಜು ಎತ್ತುವ ಮೊದಲೇ ಆಂಬುಲೆನ್ಸ್ ಗೇಟಿಗೆ ಬಂದಿರಬೇಕು. ಮದ್ದಿಗೆ ದುಬಾರಿ ಬೆಲೆ. ಬಳಸದಿದ್ದರೆ ವಾಯಿದೆ ಮುಗಿಯುವ ಮೊದಲು ವಾಪಸು ತೆಗೆದುಕೊಳ್ಳುವ ಮಾತಿನ ಮೇಲೆ ಮೆಡಿಕಲ್‌ನವರು ಒಂದು ವಯಲ್ ಇಟ್ಟಿದ್ದಾರೆ.

ಎದೆನೋವಿನವರಿಗೆ ಆಕ್ಸಿಜನ್ ಕೊಡುವ ವಿಷಯದಲ್ಲಿ ಮಾತ್ರ ರೋಗಿಯ ಮನೆಯವರ ಜೊತೆ ಜಗಳ ಮುಗಿದಿಲ್ಲ. ಸ್ವೀಡನ್ನಿನ 2017ರ ಅಧ್ಯಯನದಲ್ಲಿ, ರಕ್ತದ ಆಮ್ಲಜನಕ ಶೇಕಡಾ 90 ಅಥವಾ ಅದಕ್ಕಿಂತ ಮೇಲಿದ್ದ 6,629 ಜನರಲ್ಲಿ, ಆಕ್ಸಿಜನ್ ಕೊಟ್ಟವರಲ್ಲಿ ವರ್ಷದೊಳಗೆ ಸತ್ತವರು ಶೇಕಡಾ 5.0, ಕೊಡದವರಲ್ಲಿ 5.1. ನಮಗೆ ಸಿಲಿಂಡರ್ ಉಳಿಯುತ್ತದೆ. ಆದರೆ ಮುಖಕ್ಕೆ ಮಾಸ್ಕ್ ಕಾಣದಿದ್ದರೆ ಸಂಬಂಧಿಕರಿಗೆ ಚಿಕಿತ್ಸೆ ಶುರುವಾದ ಹಾಗೇ ಅಲ್ಲ. ಒಮ್ಮೆ ಸೋತು ಮಾಸ್ಕ್ ಇಟ್ಟಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ಹೃದಯ ಒಮ್ಮೆಲೇ ಓಡತೊಡಗುವ ಎಸ್‌ವಿಟಿಗೆ 2015ರ ರಿವರ್ಟ್ ಅಧ್ಯಯನ ಕೊಟ್ಟ ಉಪಾಯಕ್ಕೆ ಖರ್ಚೇ ಇಲ್ಲ. ಸಿರಿಂಜಿಗೆ ಹದಿನೈದು ಸೆಕೆಂಡು ಊದಿಸಿ, ಕೂಡಲೇ ಮಲಗಿಸಿ ಕಾಲೆತ್ತುವುದು. ಬರೀ ಊದಿಸುವ ಹಳೆ ವಿಧಾನದಲ್ಲಿ ಶೇಕಡಾ 17 ಜನ ಸರಿಯಾದರೆ ಇದರಲ್ಲಿ 43. ಮೊದಲ ಸಲ ಮಾಡಿದಾಗ ರೋಗಿಗಿಂತ ನಾವೇ ಹೆಚ್ಚು ನಕ್ಕೆವು.

ದೊಡ್ಡ ಚರ್ಚೆ ಆದದ್ದು ಇಲಿಜ್ವರದ ಕಾಲದಲ್ಲಿ, ಶಾಕ್‌ನಲ್ಲಿ ಬಂದವರಿಗೆ ಸಲೈನ್ ಎಷ್ಟು ಎಂಬುದಕ್ಕೆ. ಜಾಂಬಿಯಾದ ಒಂದು ಆಸ್ಪತ್ರೆಯಲ್ಲಿ ಸಲೈನ್ ಧಾರಾಳವಾಗಿ ಏರಿಸುವ ನಿಯಮ ಪಾಲಿಸಿದಾಗ ಶೇಕಡಾ 48.1 ಜನ ಸತ್ತರು. ಎಂದಿನ ಚಿಕಿತ್ಸೆಯಲ್ಲಿ 33. ಪ್ರಕಟವಾದದ್ದು 2017ರಲ್ಲಿ. ಅಲ್ಲಿನ ರೋಗಿಗಳಲ್ಲಿ ಹೆಚ್ಚಿನವರಿಗೆ ಎಚ್‌ಐವಿ ಇತ್ತು, ನಮ್ಮವರು ಹಾಗಲ್ಲ. ಆದರೆ ಅಲ್ಲಿಯೂ ವೆಂಟಿಲೇಟರ್ ಸುಲಭಕ್ಕೆ ಸಿಗುವಂತಿರಲಿಲ್ಲ, ನಮ್ಮಲ್ಲಂತೂ ಇಲ್ಲವೇ ಇಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದರೆ ತೆಗೆಯುವವರಾರು?

ಆಗ ಮೇಡಂ ತಂದದ್ದು ಆಂಡ್ರೊಮಿಡಾ-ಶಾಕ್, 2019ರದ್ದು, 424 ಜನ. ಬೆರಳ ತುದಿಯ ಒಳಭಾಗವನ್ನು ಗಾಜಿನ ಸ್ಲೈಡಿನಿಂದ ಹತ್ತು ಸೆಕೆಂಡು ಒತ್ತಿ ಬಿಡುವುದು. ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತ ಓಡಾಟ ಸಾಲದು. ಇದನ್ನು ನೋಡಿ ಚಿಕಿತ್ಸೆ ಮಾಡಿದವರಲ್ಲಿ 34.9 ಶೇಕಡಾ ಸಾವು, ರಕ್ತದಲ್ಲಿನ ಲ್ಯಾಕ್ಟೇಟ್ ಎಂಬ ಅಂಶ ಅಳೆದು ಮಾಡಿದವರಲ್ಲಿ 43.4. ತಂದವರೇ "ಪಿ ಬೆಲೆ 0.06, ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಸಾಬೀತಾಗಿಲ್ಲ" ಎಂದು ಬದಿಗಿಟ್ಟರು. ನಾನು ಬಿಡಲಿಲ್ಲ. ದೊಡ್ಡ ಆಸ್ಪತ್ರೆಯವರಿಗೆ ಅದು ಬೆರಳು ಮೇಲಾ ಲ್ಯಾಕ್ಟೇಟ್ ಮೇಲಾ ಎಂಬ ಪ್ರಶ್ನೆ. ಲ್ಯಾಕ್ಟೇಟ್ ಯಂತ್ರವೇ ಇಲ್ಲದ ನಮಗೆ, ಬೆರಳು ಅಥವಾ ಏನೂ ಇಲ್ಲ. ಬೆರಳು ಲ್ಯಾಕ್ಟೇಟಿಗೆ ಸಮ ಎಂದಾದರೂ ನಮಗೆ ಲಾಭವೇ. ಈಗ ಅರ್ಧ ಬಾಟಲಿಗೊಮ್ಮೆ ಸಿಸ್ಟರ್ ಸ್ಲೈಡ್ ಹಿಡಿದು ಹೋಗುತ್ತಾರೆ, ಎಣಿಸಿದ ಸೆಕೆಂಡು ಚಾರ್ಟಿನಲ್ಲಿ ಬರೆಯುತ್ತಾರೆ.

ಸದ್ಯ ನಮ್ಮ ನಡುವೆ ತೀರ್ಮಾನವಾಗದೆ ಉಳಿದಿರುವುದು ಮತ್ತೆ ಟ್ರಾನೆಕ್ಸಮಿಕ್ಕೇ. ರಕ್ತ ಸೋರಿ ರಕ್ತನಾಳ ಸಿಗದವನಿಗೆ ತೊಡೆಯ ಸ್ನಾಯುವಿಗೆ ಚುಚ್ಚಬಹುದೇ? 2021ರ ಅಧ್ಯಯನದಲ್ಲಿ 30 ಗಾಯಾಳುಗಳಿಗೆ ಹಾಗೆ ಕೊಟ್ಟಾಗ ಮದ್ದು ಬೇಗನೆ ರಕ್ತಕ್ಕೆ ಸೇರಿತ್ತು. ರಕ್ತಕ್ಕೆ ಸೇರುವುದು ಬೇರೆ, ಜೀವ ಉಳಿಸುವುದು ಬೇರೆ ಎನ್ನುತ್ತಾರೆ ಮೇಡಂ. ಮೂವತ್ತು ಜನರ ಪೇಪರಿನ ಮೇಲೆ ಅಭ್ಯಾಸ ಬದಲಿಸುವುದಿಲ್ಲ ಎಂದು ಹಟ. ಎಳೆಯ ಡಾಕ್ಟ್ರು ನನ್ನ ಕಡೆ, ಸಿಸ್ಟರ್ ಯಾರ ಕಡೆಯೂ ಅಲ್ಲ. ಅಡಿಕೆಗೆ ಮದ್ದು ಬಿಡುವ ಕಾಲ ಹತ್ತಿರ ಬಂತು. ಮುಂದಿನ ಆದಿತ್ಯವಾರ ಪುನಃ ಅದನ್ನೇ ತೆಗೆಯುವುದೆಂದು ಮಾತಾಗಿದೆ. ಪ್ರಿಂಟ್ ಹಾಕಿಸುವ ಸರದಿ ನನ್ನದು.