ಸಮತಟ್ಟು ಜಾಗದಲ್ಲಿ ಮೇಪಲ್ ರಸಕ್ಕೆ ಪೈಪು ಎಳೆದ ಅನುಭವ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮೇಪಲ್ ತೋಪುಗಳು ಹೆಚ್ಚಾಗಿ ಗುಡ್ಡದ ಓರೆಯಲ್ಲೇ ಇರುತ್ತವೆ. ಮರಕ್ಕೆ ತೂತು ಕೊರೆದು ನಳಿಕೆ ಸಿಕ್ಕಿಸಿದರೆ ಬರುವ, ಕುದಿಸಿ ಸಿರಪ್ ಮಾಡುವ ಸಿಹಿ ರಸ ಅಲ್ಲಿ ಪೈಪಿನಲ್ಲಿ ತಾನಾಗಿ ಇಳಿದು ಕೆಳಗಿನ ಟ್ಯಾಂಕಿಗೆ ಬಂದು ಬೀಳುತ್ತದೆ. ನಮ್ಮ ಮರಗಳಿರುವುದು ಶಾಂಪ್ಲೇನ್ ಸರೋವರದ ಕಡೆಯ ಬಯಲಿನಲ್ಲಿ. ಇಂಥ ಕಡೆ ಮರಕ್ಕೊಂದು ಬಕೆಟ್ ನೇತುಹಾಕುವುದೇ ಸರಿ ಅನ್ನುವವರಿದ್ದಾರೆ. ಪೈಪೂ ಆಗುತ್ತದೆ, ಆದರೆ ನೆಲದಲ್ಲಿ ಇಲ್ಲದ ಇಳಿಜಾರನ್ನು ನಾವೇ ಪೈಪಿಗೆ ಕೊಡಬೇಕು.

100 ಅಡಿಗೆ ಕನಿಷ್ಠ 2 ಅಡಿ ಇಳಿಯಬೇಕು. ಕೊನೆಯ ಮರದಲ್ಲಿ ಪೈಪು ಐದೂವರೆ ಅಡಿ ಎತ್ತರದಲ್ಲಿ ಶುರುವಾಗಿ, ಡ್ರಮ್ಮಿನ ಬಾಯಿ ಎರಡೂವರೆ ಅಡಿಯಲ್ಲಿದ್ದರೆ ನಮಗೆ ಸಿಗುವುದು 3 ಅಡಿ. ಅಂದರೆ ಲೈನಿನ ಉದ್ದ 150 ಅಡಿ, ಅದಕ್ಕಿಂತ ಹೆಚ್ಚಿಲ್ಲ. ಹಾಗಾಗಿ ಎಲ್ಲ ಮರಗಳನ್ನೂ ಒಂದೇ ಟ್ಯಾಂಕಿಗೆ ಜೋಡಿಸುವ ಆಸೆ ಬಿಟ್ಟು, ತೋಪಿನ ಅಲ್ಲಲ್ಲಿ ಡ್ರಮ್ ಇಟ್ಟು ಗಿಡ್ಡ ಲೈನುಗಳನ್ನೇ ಎಳೆದೆ. ಗುಂಡಿ ತೋಡಿ ಟ್ಯಾಂಕನ್ನೇ ಕೆಳಗಿಳಿಸಬಹುದಲ್ಲ ಎಂದು ಕೇಳುತ್ತಾರೆ. ಇಲ್ಲಿಯದು ಜೇಡಿಮಣ್ಣು. ಹಿಮ ಕರಗುವ ಹೊತ್ತಿಗೆ ಗುಂಡಿಯಲ್ಲಿ ನೀರು ನಿಂತು ಖಾಲಿ ಟ್ಯಾಂಕು ತೇಲಿಬಿಡುತ್ತದೆ.

ಮಟ್ಟ ನೋಡುವುದಕ್ಕೆ ನಮ್ಮೂರ ಗಾರೆ ಮೇಸ್ತ್ರಿಗಳ ಟ್ಯೂಬ್ ಲೆವೆಲ್ಲೇ ಸಾಕಾಯಿತು. ಉದ್ದನೆಯ ಪಾರದರ್ಶಕ ಪೈಪಿಗೆ ಗುಳ್ಳೆ ಸೇರದಂತೆ ನೀರು ತುಂಬಿಸಿ, ಒಂದು ತುದಿಯನ್ನು ಡ್ರಮ್ಮಿನ ಪಕ್ಕದಲ್ಲಿ ಹೆಂಡತಿ ಹಿಡಿದಳು, ಇನ್ನೊಂದನ್ನು ನಾನು ಮರಕ್ಕೆ ಒತ್ತಿ ಹಿಡಿದೆ. ನೀರು ನಿಂತ ಗೆರೆಗೆ ಸೀಮೆಸುಣ್ಣದ ಗುರುತು, ಅಲ್ಲಿಂದ ಮೇಲಕ್ಕೆ ದೂರಕ್ಕೆ ತಕ್ಕಷ್ಟು ಇಂಚು ಅಳೆದು ಇನ್ನೊಂದು ಗುರುತು. ಎಲೆ ಉದುರಿದ ಮೇಲೆ, ನೀರು ಹೆಪ್ಪುಗಟ್ಟುವ ಮೊದಲು ಈ ಕೆಲಸ ಮುಗಿಸಬೇಕು. ಬರೀ ಕಣ್ಣಂದಾಜನ್ನು ನಂಬಲೇಬೇಡಿ. ನೆಲದ ಸಣ್ಣ ಏರು ತಗ್ಗು ಕಣ್ಣನ್ನು ಸಲೀಸಾಗಿ ಏಮಾರಿಸುತ್ತದೆ.

ಪೈಪನ್ನು ಒಂದು ಮರದ ಎಡಕ್ಕೆ, ಮುಂದಿನ ಮರದ ಬಲಕ್ಕೆ ಹಾಯಿಸುತ್ತ ಬಿಗಿಯಾಗಿ ಎಳೆದರೆ ಆ ಬಿಗಿಗೇ ನಿಲ್ಲುತ್ತದೆ, ಮೊಳೆ ಬೇಕಿಲ್ಲ. ಕೊರೆವ ಚಳಿಯಲ್ಲಿ ಬಿಗಿದದ್ದು ಬಿಸಿಲು ಬಿದ್ದಾಗ ಸಡಿಲವಾಗುತ್ತದೆ, ಆದ್ದರಿಂದ ತುಸು ಬೆಚ್ಚಗಿರುವ ದಿನ ಮತ್ತೊಮ್ಮೆ ಎಳೆದು ಕಟ್ಟಬೇಕು. ಸಮತಟ್ಟಿನಲ್ಲಿ ದೊಡ್ಡ ಶತ್ರು ಜೋಲು. ಪೈಪು ಎರಡು ಇಂಚು ಜೋತುಬಿದ್ದರೂ ಅಲ್ಲಿ ರಸ ನಿಲ್ಲುತ್ತದೆ, ರಾತ್ರಿ ಗಟ್ಟಿಯಾಗುತ್ತದೆ. ಮರುದಿನ ಬೆಳಿಗ್ಗೆ ಮರ ರಸ ಬಿಡುತ್ತಿದ್ದರೂ ಆ ಮಂಜುಗಡ್ಡೆ ದಾರಿ ಕಟ್ಟಿರುತ್ತದೆ. ಸೆಕೆ ಏರಿದ ದಿನ ಹಾಗೆ ನಿಂತ ರಸ ಮಬ್ಬಾಗಿ ಕೆಡುತ್ತದೆ. ಬಿಸಿಲೇರುವ ಹೊತ್ತಿಗೆ ಲೈನಿನುದ್ದಕ್ಕೂ ನಡೆದರೆ, ಎಲ್ಲಿ ಇನ್ನೂ ಬೆಳ್ಳಗೆ ಗಟ್ಟಿಯಾಗಿದೆಯೋ ಬಹಳಷ್ಟು ಸಲ ಅಲ್ಲೇ ಜೋಲಿರುತ್ತದೆ. ಒಂದು ಕವಲುಕೋಲು ಕೊಟ್ಟು ಎತ್ತಿದರಾಯಿತು.

ಪೈಪಿನ ಅಳತೆಯ ಬಗ್ಗೆ ಖಂಡಿತವಾಗಿ ಹೇಳುತ್ತೇನೆ: 5/16 ಇಂಚಿನದೇ ಇರಲಿ. 3/16 ಇಂಚಿನ ಸಣ್ಣ ಪೈಪಿನಲ್ಲಿ ರಸ ಪೂರ್ತಿ ತುಂಬಿ ಇಳಿಯುವಾಗ ಅದರ ಭಾರವೇ ಮೇಲಿನ ಮರದಿಂದ ರಸ ಎಳೆಯುತ್ತದೆ ಎಂಬುದು ನಿಜ. ಆದರೆ ಒಂದಡಿ ಇಳಿತಕ್ಕೆ ಸಿಗುವ ಸೆಳೆತ, ಪಾದರಸದ ಕಂಬದ ಎತ್ತರದಲ್ಲಿ ಅಳೆದರೆ, ಒಂದು ಇಂಚಿಗೂ ಕಡಿಮೆ. ಗುಡ್ಡದಲ್ಲಿ 30 ಅಡಿ ಇಳಿತವಿದ್ದವರಿಗೆ ಅದು ವರ. ಮೂರಡಿಯಲ್ಲಿ ಏನು ಬಂದೀತು? ಸೆಳೆತ ಬೇಕೆಂದರೆ ಡ್ರಮ್ಮಿನ ಬಳಿ 12 ವೋಲ್ಟಿನ ಬ್ಯಾಟರಿಯಲ್ಲಿ ಓಡುವ ಸಣ್ಣ ಡಯಾಫ್ರಾಮ್ ಪಂಪು ಕೂರಿಸಿ. ಸಂಜೆ ಅದರೊಳಗಿನ ರಸ ಪೂರ್ತಿ ಬಸಿಯಲೇಬೇಕು, ಇಲ್ಲವಾದರೆ ಹೆಪ್ಪುಗಟ್ಟಿ ಪಂಪು ಬಿರಿಯುತ್ತದೆ.

ತೂತು ಯಾವಾಗಲೂ ಲೈನಿಗಿಂತ ಮೇಲಿರಲಿ, ಆಳ ಒಂದೂವರೆ ಇಂಚು, ಹೊರಮುಖವಾಗಿ ಸ್ವಲ್ಪ ಇಳಿಜಾರು. ಒಂದಡಿಗಿಂತ ಕಡಿಮೆ ದಪ್ಪದ ಮರವನ್ನು ನಾನು ಮುಟ್ಟುವುದಿಲ್ಲ. ತೂತಿನಿಂದ ಲೈನಿಗೆ ಬರುವ ತುಂಡು ಪೈಪು ಎರಡೂವರೆ ಅಡಿಯಾದರೂ ಇರಬೇಕು, ಮುಂದಿನ ವರ್ಷ ಹಳೆಯ ಗಾಯದಿಂದ ದೂರ ಕೊರೆಯಲು ಅದು ಎಟುಕಬೇಕಲ್ಲ. ಮೊಗ್ಗು ಉಬ್ಬಿ ರಸದ ರುಚಿ ಕೆಟ್ಟ ಕೂಡಲೇ ನಳಿಕೆಗಳನ್ನು ಕಿತ್ತುಬಿಡುತ್ತೇನೆ, ಗಾಯ ಬೇಗ ಮಾಯುತ್ತದೆ.