ಫಾರಿನ್‌ಗೆ ಹೊರಟೋರು ಗನ್ನು, ಚಾಕು, ಪೆಪ್ಪರ್ ಸ್ಪ್ರೇ ರೂಲ್ಸ್ ಹೆಂಗೆ ನೋಡ್ಕೋಬೇಕು

ನಮ್ಮ ಅಕ್ಕನ ಮಗಳು ಓದೋಕೆ ಇಂಗ್ಲೆಂಡ್‌ಗೆ ಹೊರಟಾಗ ಅಕ್ಕ ಚಟ್ನಿಪುಡಿ ಪ್ಯಾಕೆಟ್ ಪಕ್ಕ ಒಂದು ಪೆಪ್ಪರ್ ಸ್ಪ್ರೇನೂ ತುರುಕಿದ್ಲು, "ಒಬ್ಳೇ ಇರ್ತಾಳಲ್ವೇನೋ, ಇರ್ಲಿ ಬಿಡು" ಅಂತ. ಕುವೆಂಪುನಗರದ ಮನೇಲಿ ಸೂಟ್‌ಕೇಸ್ ತೂಕ ಹಾಕೋವಾಗ ನನ್ ಕಣ್ಣಿಗೆ ಬಿತ್ತು, ಸದ್ಯ! ನಮ್ಮಲ್ಲಿ ಆನ್‌ಲೈನಲ್ಲಿ ಆರಾಮಾಗಿ ಸಿಗೋ ಆ ಡಬ್ಬಿ ಬ್ರಿಟನ್‌ನಲ್ಲಿ 1968ರ ಫೈರ್‌ಆರ್ಮ್ಸ್ ಆಕ್ಟ್ ಪ್ರಕಾರ ನಿಷೇಧಿತ ಆಯುಧ, ಪಿಸ್ತೂಲು ಇರೋ ಸೆಕ್ಷನಲ್ಲೇ ಅದೂ ಬರುತ್ತೆ.

ಅದಕ್ಕೆ ಮೊದ್ಲು ನೋಡ್ಬೇಕಾದ್ದು, "ನನ್ನ ರಕ್ಷಣೆಗೆ" ಅನ್ನೋದನ್ನ ಆ ದೇಶ ಕಾರಣ ಅಂತ ಒಪ್ಪುತ್ತಾ ಅಂತ. ನಮ್ಮಲ್ಲಿ ಗನ್ ಲೈಸೆನ್ಸ್ ಅರ್ಜೀಲಿ ಹಂಗೆ ಬರೀಬಹುದು, ಕೊಡೋದು ಬಿಡೋದು ಲೈಸೆನ್ಸ್ ಕೊಡೋ ಅಧಿಕಾರಿಗೆ ಬಿಟ್ಟಿದ್ದು. ಆಸ್ಟ್ರೇಲಿಯಾದಲ್ಲಿ ಹಂಗೆ ಬರೆದ್ರೆ ಅರ್ಜಿ ಅಲ್ಲೇ ಬಿದ್ದೋಯ್ತು, 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ 35 ಜನನ್ನ ಕೊಂದ ಮೇಲೆ ರೂಲ್ಸ್ ಬಿಗಿ ಮಾಡಿದ್ರು. ಅದೇ ವರ್ಷ ಸ್ಕಾಟ್ಲೆಂಡ್‌ನ ಡನ್‌ಬ್ಲೇನ್ ಸ್ಕೂಲಲ್ಲಿ ಮಕ್ಕಳ ಮೇಲೆ ಗುಂಡು ಹಾರಿದ ಮೇಲೆ 1997ರಲ್ಲಿ ಬ್ರಿಟನ್ ಹ್ಯಾಂಡ್‌ಗನ್ನೇ ಬ್ಯಾನ್ ಮಾಡ್ತು. ಜಪಾನಲ್ಲಂತೂ ಸರಿಯಾದ ಕಾರಣ ಇಲ್ದೆ 6 ಸೆಂಟಿಮೀಟರ್‌ಗಿಂತ ಉದ್ದದ ಚಾಕು ಹಿಡ್ಕೊಂಡು ಓಡಾಡೋ ಹಂಗಿಲ್ಲ. ಜರ್ಮನೀಲಿ ಪೆಪ್ಪರ್ ಸ್ಪ್ರೇ ಸಿಗುತ್ತೆ, ಆದ್ರೆ ಡಬ್ಬಿ ಮೇಲೆ ಪ್ರಾಣಿಗಳಿಂದ ರಕ್ಷಣೆಗೆ ಅಂತ ಬರ್ದಿರುತ್ತೆ!

ಅಮೆರಿಕಾ ಅಂದ್ರೆ ಯಾರು ಬೇಕಾದ್ರೂ ಗನ್ ತಗೋಬಹುದು ಅನ್ಕೊಂಡಿದಾರೆ ನಮ್ಮ ಹುಡುಗ್ರು. ತಪ್ಪು. ಸ್ಟೂಡೆಂಟ್ ವೀಸಾ, ಎಚ್1ಬಿ ಥರದ ವೀಸಾಲಿ ಇರೋರು ಗನ್ನು, ಗುಂಡು ಎರಡನ್ನೂ ಇಟ್ಕೊಳ್ಳೋ ಹಂಗಿಲ್ಲ, ಫೆಡರಲ್ ಕಾನೂನಲ್ಲೇ ಇದೆ, ಬೇಟೆ ಲೈಸೆನ್ಸ್ ಥರ ಕೆಲವು ವಿನಾಯಿತಿ ಬಿಟ್ರೆ. ಗ್ರೀನ್ ಕಾರ್ಡ್ ಬಂದ್ರೆ ಆ ಕಥೆ ಬೇರೆ. ಆಮೇಲೆ ರಾಜ್ಯ ರಾಜ್ಯಕ್ಕೂ ಬೇರೆ ಬೇರೆ, ಟೆಕ್ಸಸ್‌ನಲ್ಲಿ 2021ರಿಂದ ಅರ್ಹತೆ ಇರೋರು ಪರ್ಮಿಟ್ ಇಲ್ದೇನೇ ಸೊಂಟಕ್ಕೆ ಸಿಗಿಸ್ಕೊಂಡು ಓಡಾಡಬಹುದು, ನ್ಯೂಯಾರ್ಕಲ್ಲಿ ಪರ್ಮಿಟ್ ಬೇಕೇ ಬೇಕು, 2022ರಲ್ಲಿ ಸುಪ್ರೀಂ ಕೋರ್ಟು "ವಿಶೇಷ ಕಾರಣ ತೋರ್ಸಿ" ಅನ್ನೋ ಅಲ್ಲಿನ ಷರತ್ತನ್ನ ಮಾತ್ರ ಹೊಡೆದುಹಾಕ್ತು. ಹಂಗಾಗಿ ಸ್ನೇಹಿತನ ಕಾರಲ್ಲಿ ರೋಡ್ ಟ್ರಿಪ್ ಹೋಗೋವಾಗ ಡ್ಯಾಶ್‌ಬೋರ್ಡಲ್ಲಿ ಏನಿದೆ ಅಂತ ಕೇಳ್ಬುಡಿ, ನಾಚ್ಕೋಬೇಡಿ.

ನಮ್ಮ ಹತ್ರಾನೂ ಇದೇ ವಿಚಿತ್ರ ಕಣ್ರೀ. ಪಕ್ಕದ ಕೊಡಗಲ್ಲಿ ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನು ಹಿಡುವಳಿದಾರರಿಗೆ ಕೋವಿ ಲೈಸೆನ್ಸಿಂದ ವಿನಾಯಿತಿ, ಮಂಡ್ಯ ಕಡೆ ಹಂದಿ ಕಾಟಕ್ಕೆ ಬೆಳೆ ರಕ್ಷಣೆ ಬಂದೂಕು ಬೇಕಂದ್ರೆ ಅರ್ಜಿ ಹಾಕಿ ಕಾಯ್ಬೇಕು, ಚುನಾವಣೆ ಬಂತು ಅಂದ್ರೆ ಸ್ಟೇಷನ್‌ಗೆ ಡಿಪಾಸಿಟ್ ಮಾಡಿ ಅಂತಾರೆ. ಕಬ್ಬು ಕಡಿಯೋ ಮಚ್ಚಿಗೆ ಲೈಸೆನ್ಸ್ ಬೇಡ, ಬೇಸಾಯದ ಸಾಮಾನು ಅದು. ಅದನ್ನೇ ಬೀದಿ ಜಗಳಕ್ಕೆ ಹಿಡ್ಕೊಂಡು ಹೋದ್ರೆ ಬೇಸಾಯ ಅಂತ ಹೇಳೋಕಾಗಲ್ಲ.

ಆಯುಧ ಇಟ್ಕೊಳ್ಳೋದು ಬೇರೆ, ಬಳಸೋದು ಬೇರೆ, ಇಲ್ಲೇ ಜನ ಎಡವೋದು. ಬ್ರಿಟನ್‌ನಲ್ಲಿ ಸ್ಪ್ರೇ ಇಟ್ಕೊಂಡ್ರೆ ಕೇಸು, ಆದ್ರೆ ಮೈಮೇಲೆ ಬಿದ್ದೋನಿಗೆ ಕೈಗೆ ಸಿಕ್ಕ ಛತ್ರೀಲಿ ಹೊಡೆದ್ರೆ, ಅದು ಮಿತಿ ಮೀರದಿದ್ರೆ, ತಪ್ಪಲ್ಲ. ಫ್ಲೋರಿಡಾದಲ್ಲಿ 2005ರಿಂದ "ಓಡೋಗೋ ಅವಕಾಶ ಇತ್ತಲ್ಲ, ಯಾಕೆ ಓಡ್ಲಿಲ್ಲ" ಅಂತ ಕೇಳೋ ಹಂಗಿಲ್ಲ. ನಮ್ಮಲ್ಲಿ 2024ರ ಜುಲೈ 1ರಿಂದ ಬಂದಿರೋ ಅಪರಾಧ ಕಾನೂನು, ಅಂದ್ರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 34ರಿಂದ 44ರವರೆಗೆ ಓದಿ, ಆತ್ಮರಕ್ಷಣೆ ಹಕ್ಕು ಇರೋದು ಅಲ್ಲೇ. ಪೊಲೀಸ್ರನ್ನ ಕರಿಯೋಕೆ ಟೈಮ್ ಇದ್ರೆ ಆ ಹಕ್ಕೇ ಇಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಹೊಡೆಯೋ ಹಂಗೂ ಇಲ್ಲ. ಕತ್ಲಾದ್ಮೇಲೆ ಕನ್ನ ಹಾಕಿ ಮನೆಗೆ ನುಗ್ಗೋನ ವಿಷ್ಯದಲ್ಲಿ, ಆ ಮಿತಿ ಒಳಗೇ, ಪ್ರಾಣ ಹೋಗೋ ಮಟ್ಟಕ್ಕೂ ರಕ್ಷಣೆ ಮಾಡ್ಕೊಬಹುದು, ಆದ್ರೆ ತೋಟದಲ್ಲಿ ಎಳನೀರು ಕಿತ್ಕೊಂಡು ಓಡ್ತಿರೋನ ಬೆನ್ನಿಗೆ ಗುಂಡು ಹೊಡೆದ್ರೆ ಒಳಗೆ ಹೋಗೋದು ನೀವು. ಅವನನ್ನ ಹಿಡಿದು ನಿಲ್ಸಬಹುದು, ಅಷ್ಟೇ.

ಇನ್ನೊಂದು, ಮನೇಲಿ ಲೈಸೆನ್ಸ್ ಬಂದೂಕು ಇದ್ರೆ ಏರ್‌ಪೋರ್ಟಿಗೆ ಹೋಗೋ ಬ್ಯಾಗಿನ ಮೂಲೆ ಮೂಲೆ ಕೊಡವಿ ನೋಡಿ, ಮರ್ತ್ ಬಿಟ್ಟ ಒಂದೇ ಒಂದು ತೋಟಾ ಸಾಕು ಫ್ಲೈಟ್ ತಪ್ಪೋಕೆ, ಮೇಲೆ ಪೊಲೀಸ್ ಕೇಸು.

ಹುಡುಗಿಗೆ ಕೊನೆಗೆ ಪಿನ್ ಎಳೆದ್ರೆ ಕಿರ್ರೋ ಅಂತ ಕೂಗೋ ಅಲಾರಂ ಕೊಡ್ಸಿದ್ವಿ, ಅದಕ್ಕೆ ಅಲ್ಲಿ ಅಡ್ಡಿಯಿಲ್ಲ. ಸ್ಪ್ರೇ ಈಗ ಅಕ್ಕನ ಹತ್ರಾನೇ ಇದೆ, ಕುಕ್ಕರಹಳ್ಳಿ ಕೆರೆ ವಾಕಿಂಗ್‌ಗೆ ನಾಯಿ ಬರುತ್ತೆ ಅಂತ ಇಟ್ಕೊಂಡ್ ಹೋಗ್ತಾಳೆ.